ಯಮಪಟ್ಟಣಕ್ಕೆ ರಸ್ತೆ

ಕನ್ನಡ ನಾಡಿನಲ್ಲಿ ಅದುವರೆಗೆ ಯಾರೂ ಕಟ್ಟದಂಥ ಒಂದು ಪಟ್ಟಣವನ್ನು ನಾನೊಬ್ಬನೇ, ಒಂದು ಸೀಸದಕಡ್ಡಿ ಮತ್ತು ಒಂದು ಅಡಿಕೋಲಿನ ಬಲದಿಂದ, ಬೇಸಿಗೆ ರಜೆ ಮುಗಿಯುವುದರೊಳಗೆ ಕಟ್ಟಿ ತೋರಿಸುತ್ತೇನೆಂದು ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯ ಮೇ ತಿಂಗಳಲ್ಲಿ ಘೋಷಿಸಿದೆ. ಪಟ್ಟಣದ ಹೆಸರು ಯಮಪಟ್ಟಣ. ಏಳು ಬಾಗಿಲು, ಒಂದು ಕೋಟೆ, ಹದಿಮೂರು ಸ್ಮಶಾನ! ಘೋಷಣೆಯನ್ನು ಕೇಳಿಸಿಕೊಂಡ ಏಕಮಾತ್ರ ಪ್ರಜೆ ನನ್ನ ಹೆಂಡತಿ ಸರೋಜ.

"ಕಟ್ಟಿ, ಯಾರು ಬೇಡ ಅಂದ್ರು? ಅದಕ್ಕೆ ಮುಂಚೆ ಬಚ್ಚಲಮನೆ ಹಂಚು ಎರಡು ಜಾರಿದಾವೆ, ಅದನ್ನ ಸರಿ ಮಾಡಿ," ಎಂದಳು.

ಮಹತ್ಕಾರ್ಯಗಳಿಗೆ ಮೊದಲ ಅಡ್ಡಿ ಯಾವಾಗಲೂ ಬಚ್ಚಲಮನೆಯ ಕಡೆಯಿಂದಲೇ ಬರುತ್ತದೆ.

ಇದಕ್ಕೆಲ್ಲ ಮೂಲ ನನ್ನ ಭಾವಮೈದ ಮಂಜುನಾಥಪ್ಪ. ಅವನಿಗೆ ಸರಕು ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸ. ವರ್ಷಕ್ಕೊಮ್ಮೆ ತೀರ್ಥಹಳ್ಳಿಯ ತಮ್ಮ ಮನೆಗೆ ಬಂದಾಗ, ಅಕ್ಕನನ್ನು ನೋಡಲೆಂದು ನಮ್ಮ ಹಾರೆಗೊಪ್ಪಕ್ಕೂ ಬರುತ್ತಿದ್ದ. ಹಾರೆಗೊಪ್ಪವೆಂದರೆ ಹೊಸನಗರದಿಂದ ಆರು ಮೈಲಿ, ದಿನಕ್ಕೆರಡು ಬಸ್ಸು, ಒಂದು ಚಾವಡಿ, ಒಂದು ಶಾಲೆ. ಆ ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಆ ವರ್ಷ ಮಂಜುನಾಥ ಒಂದು ಟೇಪ್ ರೆಕಾರ್ಡರನ್ನೂ ಹನ್ನೊಂದು ಕ್ಯಾಸೆಟ್ಟುಗಳನ್ನೂ ತಂದಿದ್ದ. ಮೊದಲನೆಯ ಹಾಡು ಶುರುವಾಗುತ್ತಲೇ ಸರೋಜ ಅಡುಗೆಮನೆಯಿಂದ ಓಡಿಬಂದು ಸ್ವಿಚ್ಚನ್ನು ಆರಿಸಿಬಿಟ್ಟಳು.

"ಸುಟ್ಟುಹೋಗ್ತಾ ಇದೆಯಲ್ಲೋ ಮಂಜು, ನಿನ್ನ ಮಿಷನ್ನು!"

"ಅಕ್ಕಾ, ಅದು ಹಾಡು."

"ಹಾಡೋನಿಗೆ ಎಂತ ಆಗಿದೆ?"

"ಎಂತದೂ ಆಗಿಲ್ಲ. ಇದಕ್ಕೆ ಹೆವಿ ಮೆಟಲ್ ಅಂತಾರೆ. ಲಕ್ಷಾಂತರ ಜನ ಇದನ್ನ ಕೇಳ್ತಾರೆ."

"ಪಾಪ," ಎಂದು ಸರೋಜ ಒಳಗೆ ಹೋದಳು.

ಹಾಡಿನ ಒಂದು ಪದವೂ ನನಗೆ ಅರ್ಥವಾಗಲಿಲ್ಲ. ಆದರೆ ಕ್ಯಾಸೆಟ್ಟಿನ ಡಬ್ಬಿಯ ಮೇಲಿನ ಚಿತ್ರಗಳಿದ್ದವಲ್ಲ, ಅವುಗಳನ್ನು ನೋಡಿ ನಾನು ಕೂತಲ್ಲೇ ಕಲ್ಲಾದೆ! ಒಂದರಲ್ಲಿ ಕಪ್ಪು ಕುದುರೆಯ ಮೇಲೆ ಖಡ್ಗ ಹಿಡಿದ ಅಸ್ಥಿಪಂಜರ. ಇನ್ನೊಂದರಲ್ಲಿ ಸಿಡಿಲು ಹೊಡೆದ ಕೋಟೆ, ಅದರ ಬಾಗಿಲಲ್ಲಿ ಕೈಬೀಸಿ ಕರೆಯುವ ಹೆಣ. ಮತ್ತೊಂದರಲ್ಲಿ ಕೆಂಪು ಜೌಗಿನಿಂದ ಏಳುತ್ತಿರುವ ಸಾವಿರ ಕೈಗಳು. ಮಂಜುನಾಥ ವಿವರಿಸಿದ: ಹಡಗಿನಲ್ಲಿ ಬಿಡುವಿದ್ದಾಗ ಅವರು ಒಂದು ಆಟ ಆಡುತ್ತಾರಂತೆ. ಒಬ್ಬ ಕತೆ ಹೇಳುವವನು. ಉಳಿದವರು ಆ ಕತೆಯೊಳಗಿನ ವೀರರು, ಮಂತ್ರವಾದಿಗಳು. ಪ್ರತಿಯೊಬ್ಬನಿಗೂ ಬಲ ಇಷ್ಟು, ಬುದ್ಧಿ ಇಷ್ಟು, ಆಯುಸ್ಸು ಇಷ್ಟು ಎಂದು ಅಂಕಿಗಳಿರುತ್ತವೆ. ಕತೆಗಾರ "ಎದುರಿಗೆ ರಾಕ್ಷಸ ಬಂದ, ಏನು ಮಾಡ್ತೀಯ?" ಎನ್ನುತ್ತಾನೆ. ಆಡುವವನು ಉಪಾಯ ಹೇಳಿ ದಾಳ ಹಾಕುತ್ತಾನೆ. ಗೆದ್ದರೆ ಮುಂದಕ್ಕೆ, ಸೋತರೆ ಆಯುಸ್ಸಿನಲ್ಲಿ ಒಂದು ಖೋತಾ.

"ಕತೆ ಎಲ್ಲಿಂದ ತರ್ತೀರೋ?"

"ಇದರಿಂದಲೇ ಭಾವ. ಹಾಡು ಹಾಕ್ಕೊಂಡು ಚಿತ್ರ ನೋಡ್ತಾ ಕೂತರೆ ಆಯ್ತು, ಅದೇ ಬರ್ತದೆ."

ಅದೇ ಬಂತು! ಮೂರು ದಿನ ನಾನು ಟೇಪ್ ರೆಕಾರ್ಡರಿನ ಮುಂದಿನಿಂದ ಏಳಲಿಲ್ಲ. ಹಾಡಿಗೊಂದು ಬಾಗಿಲು. ಮೊದಲನೆಯ ಹಾಡಿನ ಭಾರವಾದ, ನಿಧಾನವಾದ ಬಡಿತದಿಂದ ಜೌಗಿನ ಬಾಗಿಲು ಹುಟ್ಟಿತು. ಎರಡನೆಯದರ ಕಿರುಚಾಟದಿಂದ ಹದ್ದುಗಳ ಕಣಿವೆ. ಅಸ್ಥಿಪಂಜರದ ಸವಾರನಿಗೆ ಐದನೆಯ ಬಾಗಿಲ ಕಾವಲು. ಏಳನೆಯ ಬಾಗಿಲಲ್ಲಿ ಸ್ವತಃ ಯಮರಾಯ. ಇಷ್ಟಾದ ಮೇಲೆ ಪಟ್ಟಣಕ್ಕೆ ಜನ ಬೇಡವೆ? ಹೆಸರುಗಳಿಗಾಗಿ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇಪ್ಪತ್ತನಾಲ್ಕು ವರ್ಷ ವ್ಯಾಕರಣದ ಉದಾಹರಣೆ ವಾಕ್ಯಗಳಿಗೆ ಊರಿನವರ ಹೆಸರನ್ನೇ ಬಳಸಿದ ಕೈ ಇದು. ಊರಿನ ಮೂವತ್ತೆರಡು ಮಂದಿಯ ಹೆಸರು ಬರೆದು, ಮುಂದೆ ಬಲ, ಬುದ್ಧಿ, ಉಳಿದ ಆಯುಸ್ಸು ಎಂದು ಮೂರು ಮನೆ ಎಳೆದೆ. ಕೊನೆಯಲ್ಲಿ ಸಹಿ ಮಾಡಿ ದಿನಾಂಕ ಹಾಕಿದೆ. ಸಹಿಯಿಲ್ಲದ ಪಟ್ಟಿಯನ್ನು ನನ್ನ ಜೀವಮಾನದಲ್ಲಿ ನಾನು ಬರೆದವನಲ್ಲ.

"ಪಕ್ಕದ ಮನೆಯವರ ಆಯುಸ್ಸು ಬರೀತಾ ಕೂತಿದ್ದೀರಲ್ಲ, ನಿಮಗೇನು ಚಿತ್ರಗುಪ್ತನ ರಜೆಗೆ ಬದಲಿ ಹಾಕಿದಾರಾ?" ಎಂದಳು ಸರೋಜ.

"ಇದು ಕಲ್ಪನೆ ಸರೋಜ, ಕಲ್ಪನೆ!"

"ಹಂಚು ಜಾರಿರೋದು ಕಲ್ಪನೆ ಅಲ್ಲ."

ಈಗ ಅನಾಹುತಕ್ಕೆ ಬರುತ್ತೇನೆ. ಆ ರಜೆಯಲ್ಲಿಯೇ ನನಗೆ ಮತದಾರರ ಪಟ್ಟಿಯ ಕೆಲಸವೂ ಬಿದ್ದಿತ್ತು. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು, ಕರಡು ಪಟ್ಟಿಯನ್ನು ಚಾವಡಿಯ ಗೋಡೆಗೆ ಅಂಟಿಸಬೇಕು. ಕೆಳಗೆ "ಆಕ್ಷೇಪಣೆಗಳಿದ್ದಲ್ಲಿ ಏಳು ದಿನಗಳೊಳಗಾಗಿ ತಿಳಿಸತಕ್ಕದ್ದು" ಎಂಬ ಒಕ್ಕಣೆ. ಯಮಪಟ್ಟಣದ ಪಟ್ಟಿಯನ್ನೂ ನಾನು ಅದೇ ಗೆರೆಯ ಕಾಗದದ ಮೇಲೆ, ಅದೇ ಗುಂಡು ಅಕ್ಷರದಲ್ಲಿ ಬರೆದಿದ್ದೆ. ಸೋಮವಾರ ಬೆಳಿಗ್ಗೆ ಚಾವಡಿಯ ಜವಾನ ವಾಸಪ್ಪ ಬಂದು ಬಾಗಿಲಲ್ಲಿ ನಿಂತು ಏನೋ ಕೇಳಿದ. ನಾನಾಗ ನಾಲ್ಕನೆಯ ಬಾಗಿಲಲ್ಲಿದ್ದೆ. ಟೇಪ್ ರೆಕಾರ್ಡರಿನಲ್ಲಿ ನಾಲ್ಕು ಜನ ಒಟ್ಟಿಗೆ ಸಾಯುತ್ತಿದ್ದರು. "ಮೇಜಿನ ಮೇಲಿರೋದನ್ನೆಲ್ಲ ತಗೊಂಡು ಹೋಗಿ ಅಂಟಿಸು ಮಾರಾಯ!" ಎಂದು ಕೈಬೀಸಿದೆ.

ವಾಸಪ್ಪ ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಮನುಷ್ಯ.

ಹತ್ತು ಗಂಟೆಗೆ ಮೊದಲನೆಯ ಆಕ್ಷೇಪಣೆ ಮನೆಗೆ ನಡೆದುಬಂತು. ಬಸ್ ನಿಲ್ಲುವಲ್ಲಿ ಚಹದಂಗಡಿ ಇಟ್ಟಿದ್ದ ಕನ್ನಪ್ಪ.

"ಮೇಷ್ಟ್ರೇ, ನಂಗೆ ಆಯುಸ್ಸು ಹದಿನಾಲ್ಕು ಬರೆದಿದ್ದೀರಿ. ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಬುದ್ಧಿ ಎರಡು ಅಂದ್ರೆ ಎಂತ? ಪಕ್ಕದಲ್ಲೇ ನನ್ನ ಹೆಂಡ್ತಿಗೆ ಒಂಬತ್ತು! ಬೆಳಿಗ್ಗೆಯಿಂದ ಅವಳು ಗಲ್ಲಾದಲ್ಲಿ ಕೂತಿದಾಳೆ, ನಾನು ಲೋಟ ತೊಳೀತಾ ಇದೀನಿ."

ನಾನು ಮೇಜಿನ ಕಡೆ ತಿರುಗಿ ನೋಡಿದೆ; ಯಮಪಟ್ಟಣದ ಪಟ್ಟಿ ಅಲ್ಲಿರಲಿಲ್ಲ. "ಕನ್ನಪ್ಪ, ಅದು ಆಟ ಕಣೋ!"

"ಆಟಕ್ಕೆ ಸಹಿ ಯಾಕೆ ಮಾಡಿದ್ರಿ?"



ಅವನ ಹಿಂದೆಯೇ ಪಕ್ಕದ ಮನೆಯ ದುರ್ಗಮ್ಮ ಬಂದರು. "ನಂದು ಹನ್ನೊಂದು, ಸೊಸೆದು ಹನ್ನೆರಡು ಅಂತೆ. ತಿರುಗಿಸಿ ಬರೀರಿ ಮೇಷ್ಟ್ರೇ. ನಾ ಹೋದ ಮೇಲೆ ಒಂದು ವರ್ಷ ಬೀಗದಕೈ ಅವಳ ಸೊಂಟದಲ್ಲಿ ಇರೋದು ನಂಗೆ ಸೇರದು!" ನಾನು ಚಾವಡಿಗೆ ಓಡಿದೆ. ಅಲ್ಲಿ ಅರ್ಧ ಊರೇ ನೆರೆದಿತ್ತು. ಗುಂಪಿನ ಮುಂದೆ ವಿಮೆಯ ಏಜೆಂಟ್ ಮುಕುಂದಯ್ಯನವರು ಪಟ್ಟಿಯನ್ನು ತಮ್ಮ ಡೈರಿಗೆ ಇಳಿಸಿಕೊಳ್ಳುತ್ತಿದ್ದರು. ನಾನು ಹೋಗಿ ಪಟ್ಟಿಯನ್ನು ಕಿತ್ತೆ. ಕಿತ್ತದ್ದು ಇನ್ನೂ ತಪ್ಪಾಯಿತು. "ಮೇಷ್ಟ್ರು ಗುಟ್ಟು ಬಿಡ್ತಾ ಇಲ್ಲ," ಎಂದು ಊರೆಲ್ಲ ಮಾತಾಯಿತು.

ಇಷ್ಟು ಜನ ನಂಬಿದ್ದೇಕೆಂದು ನೀವು ಕೇಳಬಹುದು. ಅದಕ್ಕೂ ಅಪರಾಧಿ ನಾನೇ. ಹಾರೆಗೊಪ್ಪದಲ್ಲಿ ಮೂವತ್ತು ವರ್ಷದೊಳಗಿನವರೆಲ್ಲ ಹುಟ್ಟಿದ್ದು ಜೂನ್ ಒಂದನೆಯ ತಾರೀಖು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಯನ್ನು ಹುಟ್ಟಿದ ದಿನ ಕೇಳಿದರೆ, "ಕೆಂಪಿ ಎಮ್ಮೆ ಕರು ಹಾಕಿದ ವರ್ಷ" ಎನ್ನುತ್ತಿದ್ದ. ನಾನು ಮಗುವಿನ ಹಲ್ಲು ನೋಡಿ, ಒಂದು ಇಸವಿ ಊಹಿಸಿ, ಜೂನ್ ಒಂದು ಎಂದು ಬರೆದುಬಿಡುತ್ತಿದ್ದೆ. ಮುಂದೆ ಆ ದಿನದಿಂದಲೇ ಅವನಿಗೆ ನೌಕರಿ, ಆ ದಿನದಿಂದಲೇ ಮದುವೆಯ ಜಾತಕ! ಜನನವನ್ನು ಬರೆದ ಕೈ ಮರಣವನ್ನೂ ಬರೆದರೆ ಯಾರು ತಾನೆ ಅನುಮಾನಿಸುತ್ತಾರೆ?

ಇಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಮಂಗಳವಾರ ಬೆಳಿಗ್ಗೆ ಹೂವಮ್ಮ ಬಂದು ಜಗಲಿಯ ಕೆಳಗೆ ನಿಂತಳು. ಗುತ್ಯಪ್ಪನವರ ಮಗಳು ಅವಳು. ಕಣ್ಣು ಬಾತಿತ್ತು.

"ಅಪ್ಪ ನಿನ್ನೆಯಿಂದ ಗಂಜಿ ಮುಟ್ಟಿಲ್ಲ ಮೇಷ್ಟ್ರೇ. ನೀರೂ ಬೇಡ ಅಂತಾರೆ. ನೀವು ಎರಡು ಅಂತ ಬರೆದಿದ್ದೀರಂತಲ್ಲ."

ಬರೆದಿದ್ದೆ. ಕೆಮ್ಮುತ್ತಿದ್ದ ಮುದುಕ, ಎಂದು ಹೆಚ್ಚು ಯೋಚಿಸದೆ ಎರಡು ಎಂದು ಬರೆದಿದ್ದೆ.

ಗುತ್ಯಪ್ಪನವರು ರಸ್ತೆ ಗ್ಯಾಂಗಿನ ಮೇಸ್ತ್ರಿಯಾಗಿದ್ದವರು. ಸಾಗರದ ಕಡೆಗೆ, ತೀರ್ಥಹಳ್ಳಿಯ ಕಡೆಗೆ, ಹೊಸನಗರದ ಕಡೆಗೆ, ಎತ್ತ ಹೋದರೂ ಅವರು ಜಲ್ಲಿ ಹಾಸಿದ ರಸ್ತೆಯ ಮೇಲೆಯೇ ಹೋಗಬೇಕು. ಅವರಿಗೂ ಹುಟ್ಟಿದ ದಿನ ಇರಲಿಲ್ಲ. ವೃದ್ಧಾಪ್ಯದ ಪಿಂಚಣಿಯ ಅರ್ಜಿಗೆ ಬೇಕೆಂದು ಬಂದಾಗ ನಾನೇ ಅವರಿಗೂ ಒಂದು ಜೂನ್ ಒಂದನ್ನು ದಯಪಾಲಿಸಿದ್ದೆ.

ನಾನು ಹೋದಾಗ ಅವರು ಹೊಸ ಪಂಚೆ ಉಟ್ಟು, ತಲೆಯನ್ನು ದಕ್ಷಿಣಕ್ಕೆ ಹಾಕಿ ಚಾಪೆಯ ಮೇಲೆ ಮಲಗಿದ್ದರು. ಹಿತ್ತಲಲ್ಲಿ ಯಾರೋ ಮಾವಿನ ಮರ ಕಡಿಯುತ್ತಿದ್ದರು. ಆ ಸದ್ದು ಯಾವುದಕ್ಕೆಂದು ನಾನು ಕೇಳಲಿಲ್ಲ.

"ಗುತ್ಯಪ್ಪಣ್ಣಾ, ಅದು ಆಟದ ಪಟ್ಟಿ. ಎದ್ದೇಳಿ."

"ನೀವು ಒಳ್ಳೆಯವರು ಮೇಷ್ಟ್ರೇ. ಹಂಗೇ ಹೇಳ್ಬೇಕು, ಹೇಳ್ತೀರಿ."

"ಎರಡು ಅಂದ್ರೆ ಎರಡು ವರ್ಷ ಅಂತಾದ್ರೂ ಇಟ್ಕೊಳ್ಳಿ!"

"ಕನ್ನಪ್ಪನಿಗೆ ಹದಿನಾಲ್ಕು ಅಂದ್ರೆ ವರ್ಷ ಇದ್ದೀತು. ನನ್ನ ಎದೆಯಲ್ಲಿ ವರ್ಷ ಎಳೆಯೋ ದಮ್ಮಿಲ್ಲ. ಎರಡು ದಿನವೇ ಸೈ. ನಾಳೆ ಸಂಜೆಗೆ ಮುಗೀತದೆ."

ಅಂಕಿಯ ಮುಂದೆ ಮೀಟರೋ ಸೇರೋ ಬರೆಯದ ಎಷ್ಟು ಮಕ್ಕಳ ಕಿವಿ ಹಿಂಡಿದ್ದೆನೋ ನಾನು! ಈಗ ನನ್ನದೇ ಒಂದು ಒಂಟಿ ಅಂಕಿ ಮನುಷ್ಯನೊಬ್ಬನ ಎದೆಯ ಮೇಲೆ ಕೂತಿತ್ತು. ಆಟವೆಂದು ರುಜುವಾತು ಮಾಡಲೆಂದು ಜೇಬಿನಿಂದ ಕ್ಯಾಸೆಟ್ಟಿನ ಡಬ್ಬಿಯನ್ನು ತೆಗೆದು ಅವರ ಮುಖದ ಮುಂದೆ ಹಿಡಿದೆ. "ನೋಡಿ, ಈ ಚಿತ್ರ ನೋಡಿ ಕತೆ ಕಟ್ಟಿದ್ದು, ಅಷ್ಟೇ." ಕಪ್ಪು ಕುದುರೆ, ಖಡ್ಗ, ಅಸ್ಥಿಪಂಜರ. ಗುತ್ಯಪ್ಪನವರು ಬಹಳ ಹೊತ್ತು ನೋಡಿದರು. ಆಮೇಲೆ ಕೈಮುಗಿದರು.

"ಓಹೋ. ಇವರೇನಾ ಬರೋರು?" ಎಂದು ಕಣ್ಣು ಮುಚ್ಚಿದರು.

ನನ್ನಷ್ಟು ಬುದ್ಧಿವಂತ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ!

ಹೊಸನಗರದಿಂದ ಡಾಕ್ಟರನ್ನು ಕರೆತಂದೆವು. ಎದೆ ನೋಡಿದರು, ನಾಡಿ ನೋಡಿದರು. "ರೋಗ ಏನೂ ಇಲ್ಲ. ಆದರೆ ಈ ವಯಸ್ಸಿಗೆ ನೀರೂ ಬಿಟ್ಟರೆ ನಾಳೆ ದಾಟೋದು ಕಷ್ಟ," ಎಂದು ಹೊರಟುಹೋದರು. ಗ್ಲೂಕೋಸ್ ಬಾಟಲಿ ಏರಿಸಲು ಗುತ್ಯಪ್ಪ ಕೈ ಚಾಚಿರಲಿಲ್ಲ. ಮನೆಗೆ ಬಂದು ನಾನು ಊಟಕ್ಕೆ ಕೂತೆ. ಸರೋಜ ಅಂದು ನನ್ನನ್ನು ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

"ಕಾಗದ ನಂಬಿದಾರೆ, ಕಾಗದದಲ್ಲೇ ತಿದ್ದಿ," ಎಂದಳು ಕೊನೆಗೆ. "ಎರಡು ಅನ್ನೋದನ್ನ ಇಪ್ಪತ್ತು ಮಾಡಿ, ಸಹಿ ಹಾಕಿ ಕೊಡಿ."

"ಸುಳ್ಳು ಪಟ್ಟಿಗೆ ಇನ್ನೊಂದು ಸುಳ್ಳು ತಿದ್ದುಪಡಿಯಾ? ನನ್ನ ಕೈಯಿಂದ ಅದು ಆಗೋದಿಲ್ಲ ಸರೋಜ."

"ಊರಿಗೆಲ್ಲ ಜೂನ್ ಒಂದು ಬರೆದಾಗ ಎಲ್ಲಿ ಹೋಗಿತ್ತು ನಿಮ್ಮ ಸತ್ಯ?"

ಬರೆದೆ. ಸಹಿ ಹಾಕಿದೆ. ಶಾಲೆಯ ಮೊಹರನ್ನೂ ಒತ್ತಿದೆ. ಬುಧವಾರ ಬೆಳಿಗ್ಗೆ ಒಯ್ದು ಓದಿ ಹೇಳಿದೆ. ಗುತ್ಯಪ್ಪನವರ ತುಟಿ ಒಣಗಿ ಬಿರಿದಿತ್ತು. ಮಾತು ಗಾಳಿಯಂತೆ ಬಂತು.

"ಹದಿನೆಂಟು ಹೆಚ್ಚಿಗೆ ಹಾಕಿದ್ರಲ್ಲ. ಯಾರದು ಕಡಿದು ಹಾಕಿದ್ರಿ?"

"ಯಾರದೂ ಇಲ್ಲ."

"ಹಂಗಾಗೋದಿಲ್ಲ ಮೇಷ್ಟ್ರೇ. ನಲವತ್ತು ವರ್ಷ ಸರ್ಕಾರಿ ಜಲ್ಲಿ ಹಾಕ್ಸಿದೀನಿ. ಒಂದು ಕಡೆ ಒಂದು ಗಾಡಿ ಹೆಚ್ಚು ಬಿತ್ತು ಅಂದ್ರೆ ಇನ್ನೊಂದು ಕಡೆ ಒಂದು ಗಾಡಿ ಕಡಿಮೆ ಬಿದ್ದಿರ್ತದೆ. ಯಾವ ಮಕ್ಕಳದ್ದೋ ಏನೋ. ನಂಗೆ ಬೇಡ."

ಹೂವಮ್ಮ ಕಂಬಕ್ಕೆ ಒರಗಿ ಸೆರಗು ಕಚ್ಚಿಕೊಂಡಳು. ನಾನು ಮೊಹರಿನ ಕಾಗದವನ್ನು ಮಡಚಿಕೊಂಡು ಹೊರಬಂದೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಈ ಮನುಷ್ಯ ಸತ್ತರೆ ಯಾವ ಕಾನೂನೂ ನನ್ನನ್ನು ಹಿಡಿಯುವುದಿಲ್ಲ, ಆದರೆ ಇನ್ನು ಮುಂದೆ ಯಾವ ಮಗುವಿನ ಹೆಸರನ್ನು ಹಾಜರಿಯಲ್ಲಿ ಬರೆಯಲು ಹೋದರೂ ಅಲ್ಲಿ ಗುತ್ಯಪ್ಪನವರ ಹೆಸರೇ ಕಾಣುತ್ತದೆ.

ಮಂಜುನಾಥ ಬಾಗಿಲಲ್ಲೇ ಕಾಯುತ್ತಿದ್ದ. "ಭಾವ, ಆಟ ಅಂತ ಬಾಯಲ್ಲಿ ಹೇಳಿದ್ರೆ ಅವರು ನಂಬೋದಿಲ್ಲ. ಆಡಿಯೇ ತೋರಿಸೋಣ ಬನ್ನಿ," ಎಂದ. ಇನ್ನೊಂದು ದಾರಿ ನನಗೂ ಕಾಣಲಿಲ್ಲ. ಟೇಪ್ ರೆಕಾರ್ಡರು, ನಕ್ಷೆ, ನೆಲ್ಲಿಕಾಯಿ ಗಾತ್ರದ ಇಪ್ಪತ್ತು ಮುಖದ ದಾಳ, ಎಲ್ಲವನ್ನೂ ಹೊತ್ತುಕೊಂಡು ಮಧ್ಯಾಹ್ನ ಮೂರು ಗಂಟೆಗೆ ಹೋದೆವು. ಜಗಲಿಯ ತುಂಬ ಜನ. ಸಂಜೆಗೆ ಆಗುವುದನ್ನು ನೋಡಲು ಬಂದವರು. ಸಾಯುವವನ ತಲೆದೆಸೆಯಲ್ಲಿ ಕೂತು ಮಂಜುನಾಥ ಹೆವಿ ಮೆಟಲ್ ಹಾಕಿದ!

"ಅಯ್ಯೋ, ರಾಮನಾಮ ಹಾಕೋ ಹೊತ್ತಲ್ಲಿ ಇದೆಂಥದು!" ಎಂದು ದುರ್ಗಮ್ಮ ಕಿವಿ ಮುಚ್ಚಿಕೊಂಡರು.

ಜಗಲಿ ನಡುಗಿತು. ಮೊದಲನೆಯ ಹಾಡಿನ ಆ ಭಾರವಾದ ಬಡಿತ ನೆಲದಿಂದ ಏರಿ ಚಾಪೆಗೆ ಬಂತು. ಗುತ್ಯಪ್ಪನವರ ಹುಬ್ಬು ಸ್ವಲ್ಪ ಅಲುಗಿತು.

"ರೋಲರ್ ಎಲ್ಲಿಗೆ ಬಂತು?" ಎಂದರು, ಕಣ್ಣು ತೆರೆಯದೆ.

ನಾನು ಮಂಜುನಾಥನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ.

"ಹತ್ತು ಟನ್ನಿಂದು," ಎಂದರು ಗುತ್ಯಪ್ಪ. "ಏರು ದಾರೀಲಿ ಹತ್ತಿಸ್ತಾ ಇದಾನೆ. ಗೇರು ಸರಿ ಬಿದ್ದಿಲ್ಲ ಹಾಳಾದವನದ್ದು. ಎಲ್ಲಿ ಕೆಲಸ?"

ನನ್ನ ನಾಲಿಗೆಗೆ ಹೇಗೆ ಜೀವ ಬಂತೋ ತಿಳಿಯದು. "ಯಮಪಟ್ಟಣದ ದಾರಿ ಗುತ್ಯಪ್ಪಣ್ಣಾ. ಮೊದಲನೇ ಬಾಗಿಲು. ಎದುರಿಗೆ ಜೌಗು. ಕಾಲಿಟ್ಟರೆ ಸಾವಿರ ಕೈ ಬಂದು ಒಳಗೆ ಎಳೀತವೆ. ನೀವು ಇಲ್ಲಿ ನಿಂತಿದ್ದೀರಿ. ಏನು ಮಾಡ್ತೀರಿ?"

ಉಸಿರಾಟವೇ ನಿಂತಿತೇನೋ ಎಂದು ಹೂವಮ್ಮ ಬಗ್ಗಿದಳು.

"ಎಷ್ಟು ಉದ್ದ?"

"ಆಂ?"

"ಜೌಗು, ಜೌಗು! ಎಷ್ಟು ಉದ್ದ?"

"ಅರ್ಧ ಮೈಲಿ."

"ಅರ್ಧ ಮೈಲಿಗೆ ಮೊದಲು ಸೊಪ್ಪಿನ ಹೊರೆ ಬೀಳ್ಬೇಕು. ಅದರ ಮೇಲೆ ಗುಂಡುಕಲ್ಲು. ಆಮೇಲೆ ಜಲ್ಲಿ. ಸುಮ್ನೆ ಜಲ್ಲಿ ಸುರಿದ್ರೆ ಎಲ್ಲ ಒಳಗೆ ಹೋಗ್ತದೆ." ಅವರ ಕಣ್ಣು ತೆರೆಯಿತು. "ಕೈ ಬರ್ತವೆ ಅಂದ್ರಲ್ಲ?"

"ಸಾವಿರ ಕೈ."

"ಬುಟ್ಟಿ ಕೊಡಿ ಅವಕ್ಕೆ. ಸಾವಿರ ಕೈ ಇಟ್ಕೊಂಡು ಸುಮ್ನೆ ನಿಂತ್ರೆ ಹೆಂಗೆ?"

ಜಗಲಿಯ ತುದಿಯಲ್ಲಿ ಕನ್ನಪ್ಪ ಕಿಸಕ್ಕೆಂದ. ಮಂಜುನಾಥ ದಾಳವನ್ನು ಅವರ ಅಂಗೈಯಲ್ಲಿಟ್ಟ. ಬೆರಳು ಮಡಚುವ ಶಕ್ತಿಯೂ ಅವರಿಗಿರಲಿಲ್ಲ. ದಾಳ ತಾನಾಗಿ ಉರುಳಿತು. ಹದಿನೇಳು!

"ಗೆದ್ದಿರಿ! ಸಾವಿರ ಕೈಯೂ ಬುಟ್ಟಿ ಹಿಡಿದವು!"

ಗುತ್ಯಪ್ಪ ಎದ್ದು ಕೂರಲು ಹೋಗಿ, ಆಗದೆ, ಕೋಪದಿಂದ ಮಗಳನ್ನು ನೋಡಿದರು. "ಗಂಜಿ ತಾ ಹೂವಿ. ಮೇಸ್ತ್ರಿ ಹಸ್ಕೊಂಡು ಬಿದ್ರೆ ಆಳುಗಳು ಕೆಲಸ ಮಾಡ್ತಾರಾ?"

ಹೂವಮ್ಮ ಗಂಜಿ ತರಲು ಓಡಿದಳು, ಓಡುತ್ತಲೇ ಅತ್ತಳು. ಆ ಸಂಜೆ ಹೇಗೆ ಕಳೆಯಿತೋ ಯಾರಿಗೂ ತಿಳಿಯಲಿಲ್ಲ.

ಮರುದಿನದಿಂದ ದಿನಕ್ಕೊಂದು ಬಾಗಿಲು. ನಾನು ಅಷ್ಟು ಕಷ್ಟಪಟ್ಟು ಸೃಷ್ಟಿಸಿದ ಭೂತಪ್ರೇತಗಳಲ್ಲಿ ಒಂದರೊಡನೆಯೂ ಗುತ್ಯಪ್ಪ ಯುದ್ಧ ಮಾಡಲಿಲ್ಲ! ಎರಡನೆಯ ಹಾಡಿನ ಕಿರುಚಾಟ ಅವರ ಕಿವಿಗೆ ಕಲ್ಲು ಒಡೆಯುವ ಮಿಷನ್ನು. ಮೂರನೆಯದು ಕುದಿಯುವ ಡಾಂಬರಿನ ಪೀಪಾಯಿ. ಹದ್ದುಗಳ ಕಣಿವೆಗೆ ಮೋರಿ ಕಟ್ಟಿಸಿದರು. ಐದನೆಯ ಬಾಗಿಲಲ್ಲಿ ಖಡ್ಗ ಎತ್ತಿ ಬಂದ ಸವಾರನಿಗೆ, "ಹೊಸ ಜಲ್ಲಿ, ಕುದುರೆ ಕಾಲು ಹೋಗ್ತದೆ. ಮಣ್ಣು ಹಾಕೋ ತನಕ ಆಚೆ ನಿಲ್ಲಪ್ಪ," ಎಂದರು. ದಾಳ ಹಾಕಿದರೆ ಹತ್ತೊಂಬತ್ತು. ಯಮಲೋಕದ ಸೇನಾಪತಿ ಲೈನು ಬಿಟ್ಟು ಪಕ್ಕದಲ್ಲಿ ನಿಂತ! ಗಂಜಿ ಅನ್ನವಾಯಿತು, ಅನ್ನಕ್ಕೆ ಸಾರು ಸೇರಿತು. ದುರ್ಗಮ್ಮ ಸೊಸೆಯನ್ನೂ ಕರೆದುಕೊಂಡು ಮುಂಚಿತವಾಗಿ ಬಂದು ಜಾಗ ಹಿಡಿಯುತ್ತಿದ್ದರು. ನಾನು ಮಾತ್ರ ಒಳಗೊಳಗೇ ಹಣ್ಣಾಗುತ್ತಿದ್ದೆ. ಆರನೆಯ ಬಾಗಿಲಲ್ಲಿ ದಾಳ ಒಮ್ಮೆ ಸೋತು, ಎರಡನೆಯ ಎಸೆತಕ್ಕೆ ದಾಟಿದರೂ, ಅವರ ಆಯುಸ್ಸು ಎರಡಿದ್ದದ್ದು ಒಂದಾಗಿತ್ತು. ಇನ್ನು ಉಳಿದದ್ದು ಏಳನೆಯದು. ಅಲ್ಲಿ ಸೋತರೆ?

"ಆಟ ನಿಲ್ಲಿಸಿಬಿಡಿ," ಎಂದಳು ಸರೋಜ.

"ನಿಲ್ಲಿಸಿದ್ರೆ ಮತ್ತೆ ಮಲಗಿಬಿಟ್ರೆ?"



ಏಳನೆಯ ದಿನ ಗುತ್ಯಪ್ಪ ಗೋಡೆಗೆ ಒರಗಿ ಕೂತಿದ್ದರು. ಒಳಗೆ ಏನೋ ಕುದಿಯುತ್ತಿತ್ತು, ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಶುರುಮಾಡಿದೆ: "ರಸ್ತೆ ಮುಗೀತು. ಏಳನೇ ಬಾಗಿಲು. ಯಮರಾಯ ಸಿಂಹಾಸನದಿಂದ ಇಳಿದು ನಿಮ್ಮ ಎದುರಿಗೆ ಬಂದ. ಏನು ಮಾಡ್ತೀರಿ?"

"ರಸ್ತೆ ಸರಿಯಾಗಿದ್ಯಾ ನೋಡಿಕೊಳ್ಳಿ ಸ್ವಾಮಿ ಅಂತೀನಿ. ಇನ್ನೆಂತ ಹೇಳೋದು ಅವನ ಹತ್ರ?"

ಹತ್ತಕ್ಕಿಂತ ಹೆಚ್ಚು ಬಿದ್ದರೆ ಪಾರು. ಗುತ್ಯಪ್ಪ ದಾಳವನ್ನು ಕಣ್ಣಿಗೊತ್ತಿಕೊಂಡು ಎಸೆದರು. ಅದು ಉರುಳಿ ಉರುಳಿ ನನ್ನ ಮೊಣಕಾಲಿನ ಹತ್ತಿರ ನಿಂತಿತು.

ಮೂರು.

ಹೂವಮ್ಮ ಒಳಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟಳು. ಎಂದೂ ಯಾವ ಮಗುವಿಗೂ ಅರ್ಧ ಅಂಕವನ್ನೂ ಹೆಚ್ಚು ಕೊಡದ ನಾನು, ಪಂಚೆಯ ಅಂಚನ್ನು ಸರಿಪಡಿಸುವ ನೆಪದಲ್ಲಿ, ಕಿರುಬೆರಳಿನಿಂದ ಆ ದಾಳವನ್ನು ಹೊರಳಿಸಲು ಹೋದೆ.

"ಕೈ ತೆಗೀರಿ ಮೇಷ್ಟ್ರೇ," ಎಂದರು ಗುತ್ಯಪ್ಪ. "ಬಿದ್ದದ್ದು ಬಿತ್ತು. ಎಷ್ಟು?"

"ಮೂರು."

"ಅಂದ್ರೆ ಸತ್ತೆ ಅಂತಾಯ್ತು?"

ನಾನು ತಲೆ ತಗ್ಗಿಸಿದೆ. ಅವರು ಒಮ್ಮೆ ನಕ್ಷೆಯ ಕಡೆ ನೋಡಿದರು, ಆ ಕೊನೆಯಿಂದ ಈ ಕೊನೆಯವರೆಗೆ, ತಾವು ಹಾಸಿದ ದಾರಿಯನ್ನು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಎದ್ದರು. ಕೊಡಪಾನದ ನೀರಿನಲ್ಲಿ ಕೈ ತೊಳೆದರು.

"ಹೂವೀ, ಬಡಿಸು," ಎಂದರು.

ಒಳಗೆ ಮಣೆ ಹಾಕಿದ ಸದ್ದು ಕೇಳಿತು. ಜನ ಒಬ್ಬೊಬ್ಬರಾಗಿ ಉಸಿರು ಬಿಟ್ಟು ಎದ್ದರು. ನಾನೊಬ್ಬ ಮಾತ್ರ ನಕ್ಷೆಯ ಮುಂದೆ, ಬಾಯಿ ತೆರೆದುಕೊಂಡು, ಕೂತಲ್ಲಿಯೇ ಕೂತಿದ್ದೆ. ಗುತ್ಯಪ್ಪನವರು ಎಲೆಯ ಮುಂದಿನಿಂದ ತಲೆ ಹೊರಗೆ ಹಾಕಿ ಕೂಗಿದರು:

"ಮೇಷ್ಟ್ರೇ, ಸತ್ತವನು ನಾನು. ನೀವ್ಯಾಕೆ ಹೆಣದ ಹಾಗೆ ಕೂತಿದ್ದೀರಿ? ಬನ್ನಿ, ಸಾರು ಆರ್ತದೆ!"